ಯೂನಾ ಮಾರ್ಸನ್ ಹೆಸರು ಮೊದಲು ಬರಬೇಕು

ನಮಸ್ಕಾರ. 1940ರ ದಶಕದಲ್ಲಿ ಜಮೈಕಾದ ಒಬ್ಬರು ಒಂದು ಕವಿತೆ ಬರೆದರು ಅಂತಿಟ್ಟುಕೊಳ್ಳಿ. ಅದು ಬಾರ್ಬಡೋಸ್‌ನಲ್ಲಿರುವ ಇನ್ನೊಬ್ಬ ಕವಿಯ ಕಿವಿಗೆ ಬೀಳಬೇಕು. ಎರಡೂ ಬ್ರಿಟಿಷರ ಕೈಕೆಳಗಿನ ದ್ವೀಪಗಳು, ಓದುಬರಹದ ಭಾಷೆಯೂ ಒಂದೇ. ಆದರೂ ಆ ಕವಿತೆ ಮೊದಲು ಅಟ್ಲಾಂಟಿಕ್ ದಾಟಿ ಲಂಡನ್‌ಗೆ ಹೋಗಬೇಕಿತ್ತು. ಅಲ್ಲಿ ಬಿಬಿಸಿ ಸ್ಟುಡಿಯೋದಲ್ಲಿ ಯಾರಾದರೂ ಅದನ್ನು ಓದಬೇಕಿತ್ತು. ಆಮೇಲೆ ಶಾರ್ಟ್‌ವೇವ್‌ನಲ್ಲಿ ಅದೇ ಸಮುದ್ರ ದಾಟಿ ವಾಪಸ್ ಬರಬೇಕಿತ್ತು. ಎಷ್ಟೋ ಕವಿಗಳು ಒಬ್ಬರ ಬರಹ ಒಬ್ಬರು ಮೊದಲು ಕೇಳಿದ್ದು ಹೀಗೆಯೇ.

ಆ ಕಾರ್ಯಕ್ರಮದ ಹೆಸರು ‘ಕೆರಿಬಿಯನ್ ವಾಯ್ಸಸ್’. 1943ರಲ್ಲಿ ಶುರುವಾಯಿತು, 1958ರ ತನಕ ನಡೆಯಿತು. ಡೆರೆಕ್ ವಾಲ್ಕಾಟ್, ಸ್ಯಾಮ್ ಸೆಲ್ವನ್, ಜಾರ್ಜ್ ಲ್ಯಾಮಿಂಗ್, ವಿ.ಎಸ್. ನೈಪಾಲ್, ಇವರೆಲ್ಲರ ಬರಹ ಅಲ್ಲಿ ಬಂದಿದೆ. ಇವರಲ್ಲಿ ಇಬ್ಬರಿಗೆ ಮುಂದೆ ನೊಬೆಲ್ ಬಂತು. ಈ ಕಥೆ ಹೇಳುವಾಗೆಲ್ಲ ಸಂಪಾದಕ ಹೆನ್ರಿ ಸ್ವಾಂಜಿ ಹೆಸರು ದೊಡ್ಡದಾಗಿ ಬರುತ್ತದೆ, ನೈಪಾಲ್ ಹೆಸರು ಬರುತ್ತದೆ. ಶುರು ಮಾಡಿದ ಹೆಣ್ಣುಮಗಳನ್ನು ಮಾತ್ರ ಒಂದೇ ಸಾಲಿನಲ್ಲಿ ಮುಗಿಸಿಬಿಡುತ್ತಾರೆ. ಅವರ ಹೆಸರು ಯೂನಾ ಮಾರ್ಸನ್. ಆ ಒಂದು ಸಾಲು ಅವರಿಗೆ ಸಾಲದು ಅಂತ ಹೇಳೋಕೇ ಇವತ್ತು ಕೂತಿದ್ದೇನೆ.

ಯೂನಾ ಹುಟ್ಟಿದ್ದು 1905ರಲ್ಲಿ, ಜಮೈಕಾದ ಒಳನಾಡಿನಲ್ಲಿ. ತಂದೆ ಬ್ಯಾಪ್ಟಿಸ್ಟ್ ಪಾದ್ರಿ. 1928ರಲ್ಲಿ, ಇಪ್ಪತ್ತಮೂರರ ವಯಸ್ಸಿನಲ್ಲಿ, ಕಿಂಗ್‌ಸ್ಟನ್‌ನಲ್ಲಿ ‘ಕಾಸ್ಮೋಪಾಲಿಟನ್’ ಅಂತ ಸ್ವಂತ ಪತ್ರಿಕೆ ತೆಗೆದರು. ದುಡಿಯುವ ಹೆಂಗಸರ ಪರವಾಗಿ ಅದರಲ್ಲಿ ಬರೆದರು. ಎರಡು ಕವನ ಸಂಕಲನ ತಂದರು, ಒಂದು ನಾಟಕ ಬರೆದು ಆಡಿಸಿದರು. 1932ರಲ್ಲಿ ಲಂಡನ್‌ಗೆ ಹಡಗು ಹತ್ತಿದರು.

ಅವರಿಗೆ ಶಾರ್ಟ್‌ಹ್ಯಾಂಡ್, ಟೈಪಿಂಗ್ ಎರಡೂ ಬರುತ್ತಿತ್ತು. ಆಫೀಸು ಕೆಲಸ ಸಿಗಬಹುದು ಅಂತ ಹುಡುಕಿದರು. ಚರ್ಮದ ಬಣ್ಣ ನೋಡಿ ಯಾರೂ ಕೊಡಲಿಲ್ಲ. ಆಗ ಅವರಿಗೆ ಇರೋಕೆ ಜಾಗ ಕೊಟ್ಟವರು ಪೆಕ್ಹಮ್‌ನಲ್ಲಿದ್ದ ಡಾಕ್ಟರ್ ಹೆರಾಲ್ಡ್ ಮೂಡಿ. ಅವರೂ ಜಮೈಕಾದವರೇ. ಕಪ್ಪು ಜನರ ಹಕ್ಕಿಗಾಗಿ ಲೀಗ್ ಆಫ್ ಕಲರ್ಡ್ ಪೀಪಲ್ಸ್ ಅನ್ನೋ ಸಂಘ ಕಟ್ಟಿದವರು. ಯೂನಾ ಆ ಸಂಘದ ಕೆಲಸಕ್ಕೆ ನಿಂತರು, ಅದರ ಪತ್ರಿಕೆಯನ್ನೂ ನೋಡಿಕೊಂಡರು. ಬೀದಿಯಲ್ಲಿ ತನ್ನನ್ನು ಬೈದು ಕರೆದ ಪದವನ್ನೇ ಹಿಡಿದು 1933ರಲ್ಲಿ ಅಲ್ಲಿ ಒಂದು ಕವಿತೆ ಬರೆದರು. ಮಾರನೇ ವರ್ಷ ಅವರ ನಾಟಕ ಲಂಡನ್ನಿನ ಸ್ಕಾಲಾ ಥಿಯೇಟರ್‌ನಲ್ಲಿ ಪ್ರದರ್ಶನ ಕಂಡಿತು. ಪಾತ್ರ ಮಾಡಿದವರೆಲ್ಲ ಆ ಸಂಘದ ಸದಸ್ಯರು.

1936ರಲ್ಲಿ ಇನ್ನೊಂದು ದೊಡ್ಡ ಕೆಲಸ ಬಂತು. ಇಟಲಿ ಇಥಿಯೋಪಿಯಾದ ಮೇಲೆ ದಂಡೆತ್ತಿ ಹೋಗಿತ್ತು. ದೇಶ ಬಿಟ್ಟು ಬಂದಿದ್ದ ಚಕ್ರವರ್ತಿ ಹೈಲೆ ಸೆಲಾಸಿ ಜಿನೀವಾದಲ್ಲಿ ಜಗತ್ತಿನ ಮುಂದೆ ನ್ಯಾಯ ಕೇಳಿದರು. ಅವರ ಕಾರ್ಯದರ್ಶಿಯಾಗಿ ಯೂನಾ ಜೊತೆಗೆ ಹೋಗಿದ್ದರು. ನ್ಯಾಯ ಸಿಗಲಿಲ್ಲ. ಕುಗ್ಗಿಹೋದ ಯೂನಾ ಜಮೈಕಾಕ್ಕೆ ವಾಪಸ್ ಬಂದರು.

ಮರುವರ್ಷ ಬಂದ ಅವರ ಕವನ ಸಂಕಲನವನ್ನು ಸ್ವಲ್ಪ ಬಿಡಿಸಿ ನೋಡಬೇಕು. ಅದರಲ್ಲಿ ಒಬ್ಬ ತಾಯಿ ಮಗಳನ್ನು ಸಿನಿಮಾಕ್ಕೆ ಕಳಿಸೋಕೆ ಒಪ್ಪುವುದಿಲ್ಲ. ಯಾಕೆ ಗೊತ್ತಾ? ಪರದೆ ಮೇಲೆ ಬರೀ ಬಿಳಿ ಸುಂದರಿಯರನ್ನೇ ನೋಡಿ ನೋಡಿ ಮಗಳಿಗೆ ತನ್ನ ಮುಖದ ಮೇಲೇ ಬೇಸರ ಬಂದೀತು ಅನ್ನುವ ಭಯ. ಇನ್ನೊಂದರಲ್ಲಿ ಗುಂಗುರು ಕೂದಲಿನ ಹುಡುಗಿ ಇದ್ದಾಳೆ. ಗಂಡಸರು ತನ್ನ ಕಡೆ ನೋಡುವುದಿಲ್ಲ, ಕೂದಲು ನೇರ ಮಾಡಿಕೊಳ್ಳಲೇಬೇಕು ಅಂತ ಒದ್ದಾಡುತ್ತಾಳೆ. ಅದನ್ನು ಯೂನಾ ಜಮೈಕಾದ ಬೀದಿ ಮಾತಿನಲ್ಲೇ, ಬ್ಲೂಸ್ ಹಾಡಿನ ಧಾಟಿಯಲ್ಲಿ ಬರೆದರು. ಇದು 1937. ಬೆಳ್ಳಗಾಗುವ ಕ್ರೀಮಿನ ಜಾಹೀರಾತು ನೋಡುತ್ತಾ ಬೆಳೆದ ನಮ್ಮ ಹೆಣ್ಣುಮಕ್ಕಳಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ ಅಲ್ವಾ? ಯೂನಾ ಸುಮಾರಾದ ಕವಿ, ಒಳ್ಳೆಯ ಸಂಘಟಕಿ, ಅಷ್ಟೇ ಅಂತ ಬಹಳ ಕಾಲ ತಳ್ಳಿಹಾಕಿದರು. ನಾನು ಒಪ್ಪುವುದಿಲ್ಲ. ಈ ಎರಡು ಕವಿತೆ ಬರೆದವರನ್ನು ಸುಮಾರು ಅನ್ನೋಕೆ ನನಗೆ ಬಾಯಿ ಬರುವುದಿಲ್ಲ.

1938ರಲ್ಲಿ ಮತ್ತೆ ಲಂಡನ್. ಈ ಸಲ ಬಿಬಿಸಿಯಲ್ಲಿ ಬಿಡಿ ಕೆಲಸ ಸಿಕ್ಕಿತು, 1941ರಲ್ಲಿ ಪೂರ್ಣಾವಧಿ ನೌಕರಿ ಆಯಿತು. ಬಿಬಿಸಿಯ ಮೊದಲ ಕಪ್ಪು ನಿರ್ಮಾಪಕಿ ಅವರು. ಯುದ್ಧದ ಕಾಲ. ಸೈನ್ಯಕ್ಕೆ ಸೇರಿದವರು, ವಾಯುಪಡೆಯವರು, ಮದ್ದುಗುಂಡಿನ ಫ್ಯಾಕ್ಟರಿಗೆ ಬಂದವರು, ಹೀಗೆ ವೆಸ್ಟ್ ಇಂಡೀಸ್‌ನ ಹುಡುಗರು ಬ್ರಿಟನ್ನಿನಲ್ಲಿದ್ದರು. ‘ಕಾಲಿಂಗ್ ದಿ ವೆಸ್ಟ್ ಇಂಡೀಸ್’ ಕಾರ್ಯಕ್ರಮದಲ್ಲಿ ಅವರನ್ನು ಮೈಕಿನ ಮುಂದೆ ಕೂರಿಸಿ ಮನೆಯವರ ಜೊತೆ ಮಾತಾಡಿಸುವುದು ಯೂನಾ ಕೆಲಸ. ಅಮ್ಮಾ, ಆರಾಮಾಗಿದ್ದೀನಿ, ಚಿಂತೆ ಮಾಡಬೇಡ. ಹೆಚ್ಚುಕಮ್ಮಿ ಇಂಥ ಮಾತುಗಳೇ. ಅವರ ಮೈಕಿನ ಮುಂದೆ ಬಂದವರಲ್ಲಿ ಕ್ರಿಕೆಟಿಗ ಲಿಯರಿ ಕಾನ್‌ಸ್ಟಂಟೈನ್ ಕೂಡ ಒಬ್ಬರು.

ನನ್ನ ಮಾತಿನ ತಿರುಳು ಇರುವುದು ಇಲ್ಲಿ. ಮಗನ ದನಿ ಕೇಳೀತೇನೋ ಅಂತ ದ್ವೀಪದ ಜನ ರೇಡಿಯೋ ಹಚ್ಚಿ ಕಾಯುತ್ತಿದ್ದರು. ಆ ಕಾಯುವಿಕೆ, ಆ ನಂಬಿಕೆ ಯೂನಾ ಕೈಯಲ್ಲಿತ್ತು. ಅದೇ ಸಮಯದ ಒಂದು ಪಾಲನ್ನು ಅವರು ಕವಿತೆಗೆ, ಕಥೆಗೆ ಬಿಟ್ಟುಕೊಟ್ಟರು. ಹೀಗೆ ಮಾಡಬಹುದು ಅನ್ನುವುದಕ್ಕೆ ಅವರ ಕಣ್ಣ ಮುಂದೆ ಒಂದು ಮಾದರಿಯೂ ಇತ್ತು. 1942ರಲ್ಲಿ ಜಾರ್ಜ್ ಆರ್ವೆಲ್ ಭಾರತದ ಕೇಳುಗರಿಗಾಗಿ ‘ವಾಯ್ಸ್’ ಅಂತ ರೇಡಿಯೋ ಪತ್ರಿಕೆ ನಡೆಸುತ್ತಿದ್ದರು. ಅದರ ಒಂದು ಫೋಟೋ ಉಳಿದಿದೆ. ಒಂದೇ ಮೇಜಿನ ಸುತ್ತ ಟಿ.ಎಸ್. ಎಲಿಯಟ್, ಮುಲ್ಕ್ ರಾಜ್ ಆನಂದ್, ವೇಣು ಚಿತಳೆ, ನಾರಾಯಣ ಮೆನನ್, ಅವರ ನಡುವೆ ಯೂನಾ. ಆರ್ವೆಲ್ ಹಿಂದೆ ನಿಂತಿದ್ದಾರೆ. ಮುಂದೆ ನಮ್ಮ ಆಕಾಶವಾಣಿಯ ಮಹಾನಿರ್ದೇಶಕರಾದ ಮೆನನ್ ಇವರೇ. ರೇಡಿಯೋದಲ್ಲೂ ಸಾಹಿತ್ಯ ಪತ್ರಿಕೆ ನಡೆಸಬಹುದು ಅನ್ನುವುದನ್ನು ಯೂನಾ ಅಲ್ಲಿ ಕಣ್ಣಾರೆ ಕಂಡರು. ಕೆಲವೇ ತಿಂಗಳಲ್ಲಿ ತಮ್ಮ ದ್ವೀಪಗಳಿಗಾಗಿ ಅಂಥದ್ದನ್ನೇ ಶುರು ಮಾಡಿದರು.

ಬೇರೆ ದೇಶಕ್ಕೆ ಹೋದ ಬರಹಗಾರರನ್ನು ಅಲ್ಲಿನವರು ಸಾಮಾನ್ಯವಾಗಿ ಒಂದೇ ಕೆಲಸಕ್ಕೆ ಕರೆಯುತ್ತಾರೆ: ನಿಮ್ಮೂರಿನ ಬಗ್ಗೆ ನಮಗೆ ಹೇಳಿ. ಯೂನಾ ಲಂಡನ್ನಿನ ದುಡ್ಡು, ಲಂಡನ್ನಿನ ಟ್ರಾನ್ಸ್‌ಮಿಟರ್ ಬಳಸಿ ತಮ್ಮೂರಿನವರ ಜೊತೆಗೇ ಮಾತಾಡಿದರು. ನಿಮ್ಮ ಕವಿತೆ ಓದೋಕೆ ಲಾಯಕ್ಕಾಗಿದೆ ಅಂತ ಅಲ್ಲಿದ್ದವರಿಗೆ ಹೇಳಿದರು.

ಬಾಂಬು ಬೀಳುತ್ತಿದ್ದ ಊರು, ಬಿಳಿಯರೇ ತುಂಬಿದ ಕಚೇರಿ, ಬಿಡುವಿಲ್ಲದ ದುಡಿತ. ಯುದ್ಧ ಮುಗಿಯುವ ಹೊತ್ತಿಗೆ ಯೂನಾ ಮನಸ್ಸು ಸೋತುಹೋಗಿತ್ತು. ಖಿನ್ನತೆಯಿಂದ ಹಾಸಿಗೆ ಹಿಡಿದರು, ಕೆಲಸ ಬಿಟ್ಟು ಜಮೈಕಾಕ್ಕೆ ಮರಳಿದರು. 1946ರಲ್ಲಿ ಕಾರ್ಯಕ್ರಮ ಐರ್ಲೆಂಡ್‌ನಲ್ಲಿ ಹುಟ್ಟಿದ ಸ್ವಾಂಜಿ ಕೈಗೆ ಬಂತು. ಅವರು ಬಹಳ ಒಳ್ಳೆಯ ಸಂಪಾದಕರು. ಹೊಸಬರ ಬರಹವನ್ನು ಗಮನವಿಟ್ಟು ಓದಿ, ತಿದ್ದಿ, ಬೆಳೆಸಿದರು. ಅದರಲ್ಲಿ ಎರಡು ಮಾತಿಲ್ಲ. ಆದರೆ ಅವರು ಬಂದಾಗ ಕಾರ್ಯಕ್ರಮ ಇತ್ತು, ಕೇಳುಗರಿದ್ದರು, ಲಂಡನ್‌ಗೆ ಬರಹ ಕಳಿಸಿದರೆ ರೇಡಿಯೋದಲ್ಲಿ ಬರುತ್ತದೆ ಅನ್ನುವ ನಂಬಿಕೆ ಇತ್ತು. ಅದನ್ನೆಲ್ಲ ಯಾರೋ ಕಟ್ಟಿ ಹೋಗಿದ್ದರು ತಾನೇ?

ಟ್ರಿನಿಡಾಡ್‌ನಿಂದ ಬಂದಿದ್ದ ನೈಪಾಲ್ ಅದೇ ಕೆಲಸಕ್ಕೆ ಸೇರಿದ್ದು 1954ರಲ್ಲಿ. ಮರುವರ್ಷ ಲ್ಯಾಂಗಮ್ ಹೋಟೆಲಿನಲ್ಲಿದ್ದ ಬಿಬಿಸಿಯ ಕೋಣೆಯಲ್ಲಿ ಕೂತು ‘ಮಿಗೆಲ್ ಸ್ಟ್ರೀಟ್’ ಕಥೆಗಳನ್ನು ಟೈಪ್ ಮಾಡಿದರು. ಅದಕ್ಕೆ ಬಳಸಿದ್ದು ಬಿಬಿಸಿಯ ಸ್ಕ್ರಿಪ್ಟ್ ಕಾಗದ. ಮೈಕಿನ ಮುಂದೆ ಹಾಳೆ ತಿರುವಿದರೆ ಸರಪರ ಸದ್ದಾಗದ ಹಾಗೆ ಮಾಡಿದ ನುಣುಪಾದ ಕಾಗದ ಅದು. ಇದನ್ನು ನೈಪಾಲರೇ ಬರೆದಿದ್ದಾರೆ. ಆ ಹೊತ್ತಿಗೆ ಯೂನಾ ಬಿಬಿಸಿ ಬಿಟ್ಟು ಸುಮಾರು ಹತ್ತು ವರ್ಷ.

ಯೂನಾ 1965ರಲ್ಲಿ ಕಿಂಗ್‌ಸ್ಟನ್‌ನಲ್ಲಿ ತೀರಿಕೊಂಡರು. ಡೆಲಿಯಾ ಜ್ಯಾರೆಟ್ ಮೆಕಾಲೆ ಬರೆದ ಅವರ ಜೀವನಚರಿತ್ರೆ ಬಂದಿದ್ದು 1998ರಲ್ಲಿ. ಬಿಬಿಸಿ ಅವರ ಬಗ್ಗೆ ಒಂದು ಪೂರ್ತಿ ಸಾಕ್ಷ್ಯಚಿತ್ರ ಮಾಡಿದ್ದು 2022ರಲ್ಲಿ.

ಯುದ್ಧಕಾಲದ ‘ವೆಸ್ಟ್ ಇಂಡೀಸ್ ಕಾಲಿಂಗ್’ ಅನ್ನುವ ಸಣ್ಣ ಚಿತ್ರದಲ್ಲಿ ಯೂನಾ ಮೈಕಿನ ಮುಂದೆ ಮಾತಾಡುವುದನ್ನು ನೋಡಬಹುದು. ಕಾನ್‌ಸ್ಟಂಟೈನ್ ಕೂಡ ಇದ್ದಾರೆ. ದಯವಿಟ್ಟು ಹುಡುಕಿ ನೋಡಿ. ಮುಂದಿನ ಕಂತಿನಲ್ಲಿ ಕಿಂಗ್‌ಸ್ಟನ್ನಿನ ಗ್ಲ್ಯಾಡಿಸ್ ಲಿಂಡೋ ಬಗ್ಗೆ ಮಾತಾಡೋಣ. ದ್ವೀಪಗಳ ಹಸ್ತಪ್ರತಿಗಳು ಲಂಡನ್‌ಗೆ ಹೋಗುವ ಮೊದಲು ಅವರ ಕೈಗೇ ಬರುತ್ತಿದ್ದವು, ಅವರ ಹೆಸರಂತೂ ಇನ್ನೂ ಕಡಿಮೆ ಜನಕ್ಕೆ ಗೊತ್ತು.