ಲಾರಿ ಮುಂದಿನ ಟೈರ್ ತಿಂತಾ ಇದ್ಯಾ? ಟೋ-ಇನ್ ಸರಿಯಾಗಿ ಇಡೋದು ಹೀಗೆ

ಮುಂದಿನ ಟೈರ್ ತಿಂತಾ ಇದೆ ಅಂದ ತಕ್ಷಣ ಎರಡೂ ಮುಂದಿನ ಚಕ್ರ ಜೋಡಿಸೋ ಟೈ ರಾಡ್‌ಗೆ ಸ್ಪ್ಯಾನರ್ ಹಾಕ್ಬೇಡಿ. ಮೊದಲು ಟ್ರೆಡ್ ಮೇಲೆ ಅಂಗೈ ಆಡಿಸಿ. ಹೊರಗಿಂದ ಒಳಕ್ಕೆ ಸವರಿದ್ರೆ ನುಣ್ಣಗೆ, ಒಳಗಿಂದ ಹೊರಕ್ಕೆ ಸವರಿದ್ರೆ ಗರಗಸದ ಹಲ್ಲಿನ ಹಾಗೆ ಚುಚ್ಚಿದ್ರೆ ಟೋ-ಇನ್ (ಚಕ್ರಗಳ ಮುಂಭಾಗ ಒಳಕ್ಕೆ ತಿರುಗಿರೋದು) ಜಾಸ್ತಿ. ಉಲ್ಟಾ ಆದ್ರೆ ಟೋ-ಔಟ್, ಅಂದ್ರೆ ಮುಂಭಾಗ ಹೊರಕ್ಕೆ. ಅಲ್ಲಲ್ಲಿ ಗುಳಿ ಬಿದ್ದ ಹಾಗೆ ಸವೆದಿದ್ರೆ ಬೇರಿಂಗ್, ಬ್ಯಾಲೆನ್ಸ್, ಶಾಕ್ ಅಬ್ಸಾರ್ಬರ್ ನೋಡಿ.

ನಮ್ಮಲ್ಲಿ ಓಡೋ ಹೆಚ್ಚಿನ ಲಾರಿಗಳಿಗೆ ಮುಂದೆ ಐ-ಬೀಮ್ ಆಕ್ಸಲ್ (ಎರಡೂ ಚಕ್ರಕ್ಕೂ ಒಂದೇ ಗಟ್ಟಿ ತೊಲೆ). ಕ್ಯಾಂಬರ್ (ಚಕ್ರದ ಮೇಲ್ಭಾಗ ಒಳಕ್ಕೋ ಹೊರಕ್ಕೋ ವಾಲಿರೋದು) ಆಕ್ಸಲ್ ಜೊತೆಗೇ ಬಂದಿರುತ್ತೆ. ಅದನ್ನ ಗ್ಯಾಸ್‌ನಲ್ಲಿ ಕಾಯಿಸಿ ಬಗ್ಗಿಸೋರ ಹತ್ರ ಗಾಡಿ ಬಿಡ್ಲೇಬೇಡಿ. ಚಕ್ರ ಎಡ-ಬಲ ತಿರುಗೋ ಅಚ್ಚು, ಅಂದ್ರೆ ಕಿಂಗ್ ಪಿನ್, ಹಿಂದಕ್ಕೆ ವಾಲಿರೋದು ಕ್ಯಾಸ್ಟರ್. ಕ್ಯಾಸ್ಟರ್‌ಗೆ ಸ್ಪ್ರಿಂಗ್ ಪಟ್ಟಿಗೂ ಆಕ್ಸಲ್‌ಗೂ ನಡುವೆ ವೆಜ್ (ಬೆಣೆ) ಇಡ್ತಾರೆ: ದಪ್ಪ ಬದಿ ಹಿಂದಕ್ಕಿದ್ರೆ ಕ್ಯಾಸ್ಟರ್ ಹೆಚ್ಚುತ್ತೆ. ಮಾಮೂಲಿಯಾಗಿ ಕೈ ಹಾಕೋದು ಟೋಗೆ ಮಾತ್ರ.

ಈಗ ಆಕ್ಸಲ್ ಕೆಳಗೆ ಜ್ಯಾಕ್ ಕೊಟ್ಟು ಚಕ್ರ ಎತ್ತಿ. ಚಕ್ರದ ಮೇಲೊಂದು ಕೈ, ಕೆಳಗೊಂದು ಕೈ ಇಟ್ಟು ಅಲ್ಲಾಡಿಸಿ. ಆಟ ಇದ್ಯಾ? ಒಬ್ಬರು ಬ್ರೇಕ್ ಒತ್ತಿ ಹಿಡೀಲಿ. ಆಟ ನಿಂತ್ರೆ ಬೇರಿಂಗ್ ಸಡಿಲ. ಬ್ರೇಕ್ ಹಿಡಿದ್ರೂ ಅಲ್ಲಾಡಿದ್ರೆ ಕಿಂಗ್ ಪಿನ್ ಬುಷ್ ಹೋಗಿದೆ. ಟೈ ರಾಡ್ ಎಂಡ್ (ತುದಿಯ ಜಾಯಿಂಟ್), ಯು-ಬೋಲ್ಟ್ ಕೂಡ ನೋಡ್ಕೊಳ್ಳಿ. ಇದ್ರಲ್ಲಿ ಒಂದು ಸಡಿಲ ಇದ್ರೂ ಅಳತೆ ಒಂದೊಂದ್ ಸಲಕ್ಕೆ ಒಂದೊಂದು ಬರುತ್ತೆ.

ಎರಡೂ ಟೈರ್‌ಗೆ ಒಂದೇ ಗಾಳಿ, ಸಮತಟ್ಟು ನೆಲ, ಸ್ಟೇರಿಂಗ್ ನೇರ. ಚಕ್ರ ಎತ್ತಿ, ಟ್ರೆಡ್ ಮಧ್ಯೆ ಸೀಮೆಸುಣ್ಣ ಬಳಿದು, ಸ್ಟ್ಯಾಂಡ್‌ಗೆ ಕಟ್ಟಿದ ಮೊಳೆ ತಾಗಿಸಿ ಚಕ್ರ ತಿರುಗಿಸಿ. ಕೂದಲೆಳೆ ಗೆರೆ ಬೀಳುತ್ತೆ. ರಿಮ್ ಸ್ವಲ್ಪ ಓಲಾಡಿದ್ರೂ ಈ ಗೆರೆ ಮೋಸ ಮಾಡಲ್ಲ. ಇಳಿಸಿದ್ಮೇಲೆ ಗಾಡೀನ ಎರಡು-ಮೂರು ಮೀಟರ್ ಮುಂದಕ್ಕೆ ತಳ್ಳಿ. ಹಿಂದಕ್ಕೆ ತಳ್ಳಿದ್ರೆ ಜಾಯಿಂಟ್‌ಗಳು ಉಲ್ಟಾ ಬದಿಗೆ ಕೂರುತ್ವೆ. ಹಬ್ ಮಧ್ಯದ ಎತ್ತರದಲ್ಲಿ, ಗೆರೆಯಿಂದ ಗೆರೆಗೆ, ಮುಂದೊಮ್ಮೆ ಹಿಂದೊಮ್ಮೆ ಅಳೀರಿ. ಹಿಂದೆ ಎಂಜಿನ್ ಸಂಪ್ ಅಡ್ಡ ಬಂದು ಟೇಪ್ ಸೊಟ್ಟಗಾಗುತ್ತೆ, ಅದಕ್ಕೇ ಟ್ರಾಮೆಲ್ ಗೇಜ್ (ಎರಡೂ ತುದೀಲಿ ಮೇಲೆದ್ದ ಮೊನೆ ಇರೋ ಅಳತೆ ಕೋಲು) ಬೇಕು.

ಮುಂದಿನ ಅಳತೆ ಕಡಿಮೆ ಇದ್ರೆ ಟೋ-ಇನ್. ಎಷ್ಟಿರ್ಬೇಕು ಅನ್ನೋದಕ್ಕೆ ನಿಮ್ಮ ಗಾಡಿ ಮ್ಯಾನ್ಯುಯಲ್ಲೇ ಪ್ರಮಾಣ. ರೇಡಿಯಲ್‌ಗೆ ಸಾಮಾನ್ಯವಾಗಿ ಸೊನ್ನೆಯಿಂದ ಒಂದೆರಡು ಮಿಲಿಮೀಟರ್ ಒಳಗೇ.

ಟೈ ರಾಡ್ ಆಕ್ಸಲ್ ಹಿಂದಿದ್ರೆ ಉದ್ದ ಮಾಡಿದಷ್ಟೂ ಟೋ-ಇನ್ ಹೆಚ್ಚುತ್ತೆ. ಎರಡೂ ಕ್ಲ್ಯಾಂಪ್ ಸಡಿಲಿಸಿ ಪೈಪ್ ರೆಂಚ್‌ನಲ್ಲಿ ನಿಧಾನವಾಗಿ ತಿರುಗಿಸಿ. ಇಲ್ಲೇ ಎಷ್ಟೋ ಜನ ಎಡವೋದು: ಒಂದು ತುದೀಲಿ ಎಡ ಥ್ರೆಡ್, ಇನ್ನೊಂದ್ರಲ್ಲಿ ಬಲ. ಪಿಚ್ (ಥ್ರೆಡ್ ಹಲ್ಲಿಂದ ಹಲ್ಲಿಗೆ ಇರೋ ದೂರ) 1.5 ಮಿಮೀ ಅಂದ್ಕೊಳ್ಳಿ, ಒಂದು ಸುತ್ತಿಗೆ ರಾಡ್ 3 ಮಿಮೀ ಬದಲಾಗುತ್ತೆ. ಆರ್ಮ್ (ಟೈ ರಾಡನ್ನ ಚಕ್ರಕ್ಕೆ ಸೇರಿಸೋ ತೋಳು) 200 ಮಿಮೀ, ಟೈರ್ ವ್ಯಾಸ ಒಂದು ಮೀಟರ್ ಇದ್ರೆ ಅದೇ ಟೈರ್ ಹತ್ರ ಐದು ಪಟ್ಟು, ಅಂದ್ರೆ 15 ಮಿಮೀ! ಕಾಲು ಸುತ್ತೇ ಸುಮಾರು 4 ಮಿಮೀ. ತುಸು ತಿರುಗಿಸಿ, ಗಾಡಿ ತಳ್ಳಿ, ಮತ್ತೆ ಅಳೀರಿ.

ಎಂಡ್‌ನ ಥ್ರೆಡ್ ಪೈಪಿನ ಸೀಳು ದಾಟಿ ಒಳಗಿರ್ಬೇಕು, ಇಲ್ಲಾಂದ್ರೆ ಕ್ಲ್ಯಾಂಪ್ ಹಿಡಿಯಲ್ಲ. ಬಿಗಿ ಮಾಡಿದ್ಮೇಲೆ ಎರಡೂ ಕಡೆ ಪೂರ್ತಿ ಲಾಕ್ ತಿರುಗಿಸಿ, ಕ್ಲ್ಯಾಂಪ್ ಬೋಲ್ಟ್ ಆಕ್ಸಲ್‌ಗೆ ತಾಗುತ್ತಾ ನೋಡಿ.

ಗಾಡಿ ನೇರ ಹೋಗ್ತಿದ್ದು ಸ್ಟೇರಿಂಗ್ ವ್ಹೀಲ್ ಮಾತ್ರ ಸೊಟ್ಟ ಇದ್ರೆ, ಮೊದಲು ಹಿಂದಿನ ಆಕ್ಸಲ್ ಚಾಸಿಗೆ ನೇರ ಇದ್ಯಾ ನೋಡಿ. ಸ್ಪ್ರಿಂಗ್ ಪಟ್ಟಿಗಳ ಸೆಂಟರ್ ಬೋಲ್ಟ್ ಮುರಿದು ಆಕ್ಸಲ್ ಜರುಗಿರಬಹುದು. ಅದು ಸರಿ ಇದ್ರೆ ಸ್ಟೇರಿಂಗ್ ಬಾಕ್ಸಿಂದ ಚಕ್ರದ ಕಡೆ ಹೋಗೋ ಡ್ರ್ಯಾಗ್ ಲಿಂಕ್‌ನಲ್ಲಿ ಸರಿಪಡಿಸಿ, ಟೈ ರಾಡ್ ಮುಟ್ಬೇಡಿ.