ಗೌವರ್ ಗಲ್ಚ್‌ನ ಸವಾರರು: ಹಾಲಿವುಡ್‌ನ ಅಗ್ಗದ ಕೌಬಾಯ್ ಚಿತ್ರಗಳು

ಸಹೃದಯರೆ,

ಕೌಬಾಯ್ ಚಿತ್ರ ಎಂದೊಡನೆ ನಮ್ಮಲ್ಲಿ ಹೆಚ್ಚಿನವರಿಗೆ ನೆನಪಾಗುವುದು ಅರವತ್ತರ ದಶಕದಲ್ಲಿ ಇಟಲಿಯವರು ತೆಗೆದ ಚಿತ್ರಗಳು, ಇಲ್ಲವೇ ಹಾಲಿವುಡ್ ನಿರ್ದೇಶಕ ಜಾನ್ ಫೋರ್ಡ್ ಅವರ ದೊಡ್ಡ ಚಿತ್ರಗಳು. ಇಂದು ನಾನು ಮಾತನಾಡಲಿರುವುದು ಇವೆರಡರ ಬಗ್ಗೆಯೂ ಅಲ್ಲ. 1930ರ ದಶಕದಲ್ಲಿ ಹಾಲಿವುಡ್‌ನ ಸಣ್ಣ ಕಂಪನಿಗಳು ಸುಮಾರು ಒಂದು ವಾರದಲ್ಲಿ ಚಿತ್ರೀಕರಿಸಿ ಮುಗಿಸುತ್ತಿದ್ದ, ಒಂದು ಗಂಟೆಯ ಆಸುಪಾಸು ಓಡುತ್ತಿದ್ದ, ದೊಡ್ಡ ಪತ್ರಿಕೆಗಳ ವಿಮರ್ಶಕರು ಗಣನೆಗೇ ತೆಗೆದುಕೊಳ್ಳದ, ಆದರೆ ಅಮೆರಿಕದ ಸಣ್ಣ ಊರುಗಳ ಹುಡುಗರು ಶನಿವಾರ ಮಧ್ಯಾಹ್ನ ಚಿಲ್ಲರೆ ಕಾಸು ಹೊಂದಿಸಿಕೊಂಡು ಬಂದು ತಪ್ಪದೆ ನೋಡುತ್ತಿದ್ದ ಚಿತ್ರಗಳ ಬಗ್ಗೆ. ಇವುಗಳ ರೂಪವನ್ನು ನಿರ್ಧರಿಸಿದ್ದು ಕಥೆ ಬರೆದವರಿಗಿಂತ ಹೆಚ್ಚಾಗಿ ಲೆಕ್ಕ ಬರೆದವರು ಎಂಬುದು ನನ್ನ ವಾದ. ಆ ಬಿಗಿ ಲೆಕ್ಕದೊಳಗೆ ದುಡಿದ ಕಸುಬುದಾರರು ಏನು ಮಾಡಿದರು ಎಂಬುದು ಅದಕ್ಕಿಂತಲೂ ಸ್ವಾರಸ್ಯಕರ.

ಹಿನ್ನೆಲೆಯನ್ನು ಬೇಗ ಮುಗಿಸುತ್ತೇನೆ. ಮೊದಲ ಕೌಬಾಯ್ ತಾರೆ ಬ್ರಾಂಕೋ ಬಿಲ್ಲಿ ಆಂಡರ್ಸನ್ ಅವರು 1903ರಲ್ಲಿ ರೈಲು ದರೋಡೆಯ ಪ್ರಸಿದ್ಧ ಕಿರುಚಿತ್ರದಲ್ಲಿ ಸಣ್ಣ ಪಾತ್ರಗಳನ್ನು ವಹಿಸಿದಾಗ ಅವರಿಗೆ ಕುದುರೆ ಸವಾರಿಯೇ ನೆಟ್ಟಗೆ ಬರುತ್ತಿರಲಿಲ್ಲ. ಆನಂತರ ಎಸ್ಸೆನೇ ಎಂಬ ಚಿತ್ರ ಕಂಪನಿಯ ಪಾಲುದಾರರಾಗಿ ಕ್ಯಾಲಿಫೋರ್ನಿಯಾದ ನೈಲ್ಸ್ ಎಂಬ ಊರಿನಲ್ಲಿ ನೂರಾರು ಕಿರುಚಿತ್ರಗಳನ್ನು ತೆಗೆದರು. ರಂಗಭೂಮಿಯಿಂದ ಬಂದ ವಿಲಿಯಂ ಎಸ್. ಹಾರ್ಟ್ ಅವರು ಧೂಳು, ಬೆವರು, ಪಶ್ಚಾತ್ತಾಪಗಳನ್ನು ತಂದರೆ, ಸರ್ಕಸ್ಸಿನಂಥ ವೈಲ್ಡ್ ವೆಸ್ಟ್ ಪ್ರದರ್ಶನಗಳಲ್ಲಿ ಪಳಗಿದ ಟಾಮ್ ಮಿಕ್ಸ್ ಅವರು ಬಿಳಿ ಟೋಪಿ, ಕಸೂತಿಯ ಅಂಗಿ, ಟೋನಿ ಎಂಬ ಕುದುರೆ ಇವುಗಳ ಮೂಲಕ ಎಲ್ಲವನ್ನೂ ಜಾತ್ರೆಯಾಗಿಸಿದರು. ಮುಂದಿನವರು ಅನುಸರಿಸಿದ್ದು ಹಾರ್ಟ್ ಅವರನ್ನಲ್ಲ, ಮಿಕ್ಸ್ ಅವರನ್ನು. ಕುದುರೆಯ ಹೆಸರನ್ನೂ ಪೋಸ್ಟರಿನಲ್ಲಿ ಹಾಕುವ ಪದ್ಧತಿ ಬೆಳೆದದ್ದೂ ಹಾಗೆಯೇ.

1929ರ ಆರ್ಥಿಕ ಕುಸಿತದ ನಂತರ ಪ್ರೇಕ್ಷಕರನ್ನು ಉಳಿಸಿಕೊಳ್ಳಲು ಚಿತ್ರಮಂದಿರಗಳು ಒಂದೇ ಟಿಕೆಟ್ಟಿಗೆ ಎರಡು ಚಿತ್ರ ತೋರಿಸತೊಡಗಿದವು. ಮುಖ್ಯ ಚಿತ್ರಕ್ಕೆ ಗಳಿಕೆಯಲ್ಲಿ ಶೇಕಡಾವಾರು ಪಾಲು ಸಲ್ಲುತ್ತಿತ್ತು. ಜೊತೆಯ ಚಿತ್ರಕ್ಕೆ ಸಾಮಾನ್ಯವಾಗಿ ಸಿಗುತ್ತಿದ್ದುದು ನಿಗದಿತ ಬಾಡಿಗೆ ಮಾತ್ರ. ಈ ಒಂದು ಅಂಶ ಅರ್ಥವಾದರೆ ಉಳಿದದ್ದೆಲ್ಲ ತಾನಾಗಿ ಅರ್ಥವಾಗುತ್ತದೆ. ಚಿತ್ರ ಎಷ್ಟೇ ಚೆನ್ನಾಗಿರಲಿ, ಬರುವ ಹಣ ಹೆಚ್ಚುವುದಿಲ್ಲ. ಆದ್ದರಿಂದ ಲಾಭವಿರುವುದು ಖರ್ಚು ಇಳಿಸುವುದರಲ್ಲಿ ಮಾತ್ರ. ಸೆಟ್ ಹಾಕಲು ದುಡ್ಡು ಬೇಕು, ದೀಪಕ್ಕೆ ದುಡ್ಡು ಬೇಕು, ಬಿಸಿಲಿಗೆ ಬೇಡ. ಲಾಸ್ ಏಂಜಲೀಸ್‌ನ ಹೊರವಲಯದ ಚಾಟ್ಸ್‌ವರ್ತ್‌ನಲ್ಲಿ ಐವರ್ಸನ್ ಎಂಬ ಕುಟುಂಬದವರ ಜಮೀನಿನಲ್ಲಿದ್ದ ಬಂಡೆಗಳು ಬಾಡಿಗೆಗೆ ದೊರೆಯುತ್ತಿದ್ದವು. ಇನ್ನೂ ಸ್ವಲ್ಪ ಖರ್ಚು ಮಾಡಬಲ್ಲವರು ಕ್ಯಾಲಿಫೋರ್ನಿಯಾದ ಲೋನ್ ಪೈನ್ ಎಂಬ ಊರಿನ ಬಳಿಯ ಅಲಬಾಮಾ ಗುಡ್ಡಗಳಿಗೆ ಹೋಗುತ್ತಿದ್ದರು. ಕುದುರೆಗಳ ಬೆನ್ನಟ್ಟುವಿಕೆಗೆ ಸಂಭಾಷಣೆ ಬೇಡ, ತಾಲೀಮು ಬೇಡ. ಈ ಚಿತ್ರಗಳಲ್ಲಿ ಅಷ್ಟೊಂದು ಓಟ ಯಾಕಿದೆ ಎಂಬುದಕ್ಕೆ ಸೌಂದರ್ಯಶಾಸ್ತ್ರದಲ್ಲಿ ಉತ್ತರ ಹುಡುಕುವ ಅಗತ್ಯವಿಲ್ಲ.

ಇದಕ್ಕೆ ಒಂದು ಸೊಗಸಾದ ನಿದರ್ಶನವಿದೆ. ಜಾನ್ ವೇನ್ ಅವರು 1930ರಲ್ಲಿ ಫಾಕ್ಸ್ ಕಂಪನಿಯ ಭಾರಿ ವೆಚ್ಚದ ಚಿತ್ರವೊಂದರಲ್ಲಿ ನಾಯಕರಾದರು. ಅದು ಮುಗ್ಗರಿಸಿತು, ಅವರು ಕೆಳಗಿಳಿದರು. ವಾರ್ನರ್ ಕಂಪನಿಯ ಬಳಿ ಇಪ್ಪತ್ತರ ದಶಕದ ಕೊನೆಯಲ್ಲಿ ಕೌಬಾಯ್ ತಾರೆ ಕೆನ್ ಮೇನಾರ್ಡ್ ಅವರನ್ನು ಹಾಕಿಕೊಂಡು ಧಾರಾಳವಾಗಿ ಖರ್ಚು ಮಾಡಿ ತೆಗೆದಿದ್ದ ಮೂಕಿಚಿತ್ರಗಳು ಉಳಿದಿದ್ದವು. ಮಾತಿನ ಯುಗದಲ್ಲಿ ಆ ಚಿತ್ರಗಳಿಗೆ ಬೆಲೆಯಿಲ್ಲ, ಆದರೆ ಅವುಗಳಲ್ಲಿದ್ದ ದನಗಳ ಹಿಂಡು, ಬಂಡಿಗಳ ಸಾಲು, ಅದ್ಭುತ ಸವಾರಿ ಹಾಳಾಗಿರಲಿಲ್ಲ. 1932-33ರಲ್ಲಿ ವಾರ್ನರ್ ಆರು ಹೊಸ ಚಿತ್ರಗಳನ್ನು ತೆಗೆದು ವೇನ್ ಅವರನ್ನು ನಾಯಕರನ್ನಾಗಿಸಿತು. ಮೇನಾರ್ಡ್ ಅವರ ಟಾರ್ಜನ್ ಎಂಬ ಕುದುರೆಯನ್ನು ಹೋಲುವ ಬಿಳಿ ಕುದುರೆಯನ್ನು ತಂದು ಡ್ಯೂಕ್ ಎಂದು ಹೆಸರಿಟ್ಟಿತು, ಉಡುಪನ್ನೂ ಹಳೆಯ ಚಿತ್ರಗಳಿಗೆ ಹೊಂದಿಸಿತು. ಹತ್ತಿರದ ದೃಶ್ಯದಲ್ಲಿ ವೇನ್ ಮಾತನಾಡುತ್ತಾರೆ. ದೂರದ ದೃಶ್ಯದಲ್ಲಿ ಕುದುರೆಯ ಮೇಲೆ ಹಾರುತ್ತಿರುವವರು ಹಲವು ವರ್ಷಗಳ ಹಿಂದಿನ ಮೇನಾರ್ಡ್! ಶನಿವಾರದ ಹುಡುಗರಲ್ಲಿ ಚುರುಕು ಕಣ್ಣಿನವರು ಇದನ್ನು ಹಿಡಿದಿರಲಿಲ್ಲವೆಂದು ನಾನಂತೂ ನಂಬಲಾರೆ.

ಅಲ್ಲಿಂದ ವೇನ್ ಇನ್ನೊಂದು ಮೆಟ್ಟಿಲು ಇಳಿದರು. 1933ರಿಂದ 1935ರವರೆಗೆ ಮೊನೊಗ್ರಾಮ್ ಎಂಬ ಸಣ್ಣ ಕಂಪನಿ ಬಿಡುಗಡೆ ಮಾಡಿದ ಲೋನ್ ಸ್ಟಾರ್ ಲಾಂಛನದ ಹದಿನಾರು ಚಿತ್ರಗಳಲ್ಲಿ ನಟಿಸಿದರು. ಮೊದಲನೆಯದರಲ್ಲಿ ಅವರನ್ನು ಹಾಡುವ ಕೌಬಾಯ್ ಮಾಡಿ, ಬೇರೆಯವರ ಕಂಠ ಜೋಡಿಸಿದ ಪ್ರಯೋಗವನ್ನು ನೋಡಿದರೆ ಈಗಲೂ ಮುಜುಗರವಾಗುತ್ತದೆ. ಆದರೆ ತೆರೆಯ ಹಿಂದೆ ಇದ್ದವರನ್ನು ಗಮನಿಸಿ. ಹಲವು ಚಿತ್ರಗಳ ನಿರ್ದೇಶಕರು ರಾಬರ್ಟ್ ಬ್ರಾಡ್‌ಬರಿ. ಅವರ ಮಗನೇ ಬಾಬ್ ಸ್ಟೀಲ್ ಎಂಬ ಇನ್ನೊಬ್ಬ ಅಗ್ಗದ ಚಿತ್ರಗಳ ತಾರೆ. ಛಾಯಾಗ್ರಾಹಕರು ಆರ್ಚಿ ಸ್ಟೌಟ್, ಮುಂದೆ ಆಸ್ಕರ್ ಪಡೆದವರು. ಇವರೆಲ್ಲರಿಗಿಂತ ಮುಖ್ಯರಾದವರು ಯಾಕಿಮಾ ಕನಟ್. ರೋಡಿಯೋ ಎಂಬ ಕೌಬಾಯ್ ಸಾಹಸ ಪಂದ್ಯಗಳ ಈ ಚಾಂಪಿಯನ್ ಒಂದೇ ಚಿತ್ರದಲ್ಲಿ ಖಳನಾಗಿ ನಟಿಸಿ, ನಾಯಕನ ಬದಲಿಯಾಗಿ ಕುದುರೆಯಿಂದ ಬಿದ್ದು, ಕೆಲವೊಮ್ಮೆ ತನ್ನನ್ನು ತಾನೇ ಬೆನ್ನಟ್ಟುತ್ತಿದ್ದರು.

ಹೊಡೆದಾಟದ ದೃಶ್ಯಗಳಲ್ಲಿ ಅಲ್ಲಿಯವರೆಗೆ ನಟರು ಪರಸ್ಪರ ಭುಜಕ್ಕೆ ಗುದ್ದಿಕೊಳ್ಳುತ್ತಿದ್ದರು. ಮೈ ನೋಯುತ್ತಿತ್ತು, ನೋಡಲು ಸಪ್ಪೆ. ಕನಟ್ ಮತ್ತು ವೇನ್ ಬ್ರಾಡ್‌ಬರಿಯವರ ಜೊತೆ ಸೇರಿ ಒಂದು ಉಪಾಯವನ್ನು ರೂಢಿಸಿದರು. ಕ್ಯಾಮೆರಾವನ್ನು ಒಬ್ಬನ ಬೆನ್ನ ಹಿಂದೆ ನಿಲ್ಲಿಸಿ, ಎದುರಾಳಿಯ ಮುಷ್ಟಿ ಮುಖದ ಮುಂದೆ ಗಾಳಿಯಲ್ಲಿ ಹಾದುಹೋಗುವಂತೆ ಬೀಸಿದರೆ, ಅದೇ ಕ್ಷಣಕ್ಕೆ ಇವನು ತಲೆ ತಿರುಗಿಸಿದರೆ, ಏಟು ದವಡೆಗೇ ಬಿದ್ದಂತೆ ಕಾಣುತ್ತದೆ. ಸಿನಿಮಾ ಹೊಡೆದಾಟ ಇಂದಿಗೂ ನಿಂತಿರುವುದು ಈ ಕೋನದ ಲೆಕ್ಕದ ಮೇಲೆಯೇ. 1939ರಲ್ಲಿ ಫೋರ್ಡ್ ಅವರ 'ಸ್ಟೇಜ್‌ಕೋಚ್' ಚಿತ್ರದಲ್ಲಿ ಓಡುವ ಕುದುರೆಗಳ ನಡುವೆ ಬಿದ್ದು, ಬಂಡಿಯ ಅಡಿಯಲ್ಲಿ ಹಾದುಹೋದವರೂ ಕನಟ್ ಅವರೇ. ಆ ಬಗೆಯ ಸಾಹಸಗಳಲ್ಲಿ ಅವರು ಪಳಗಿದ್ದು ಅಗ್ಗದ ಚಿತ್ರಗಳಲ್ಲಿ.

ಈ ಕಸುಬಿನ ಕರಾಳ ಬದಿಯನ್ನೂ ಹೇಳಲೇಬೇಕು. ಕುದುರೆ ಮುಗ್ಗರಿಸಿ ಬೀಳುವ ದೃಶ್ಯಕ್ಕಾಗಿ ಅದರ ಮುಂಗಾಲುಗಳಿಗೆ ತಂತಿ ಕಟ್ಟಿ, ಇನ್ನೊಂದು ತುದಿಯನ್ನು ನೆಲಕ್ಕೆ ಹೂಳಿದ ಗೂಟಕ್ಕೆ ಬಿಗಿದು, ನಾಗಾಲೋಟದಲ್ಲಿ ಓಡಿಸುತ್ತಿದ್ದರು. ತಂತಿ ಮುಗಿದಲ್ಲಿ ಕುದುರೆ ಉರುಳುತ್ತಿತ್ತು. ಕೆಲವು ಮತ್ತೆ ಏಳುತ್ತಿರಲಿಲ್ಲ. ಕನಟ್ ಕೂಡ ಇದನ್ನು ಬಳಸಿದವರೇ. ಪ್ರಾಣಿದಯಾ ಸಂಘದವರ ಮೇಲ್ವಿಚಾರಣೆ ಬಂದದ್ದು 1940ರಲ್ಲಿ, ಅದೂ ದೊಡ್ಡ ಕಂಪನಿಯ ಚಿತ್ರವೊಂದರಲ್ಲಿ ಕುದುರೆಯನ್ನು ಬಂಡೆಯಂಚಿನಿಂದ ಕೆಡವಿ ಕೊಂದ ಮೇಲೆ.

ಇನ್ನು ಸಹನಟರು. ಸನ್‌ಸೆಟ್ ಬೂಲೆವಾರ್ಡ್ ಮತ್ತು ಗೌವರ್ ಬೀದಿ ಕೂಡುವ ಮೂಲೆಯಲ್ಲಿ ಬೆಳಿಗ್ಗೆಯೇ ಬೂಟು ಟೋಪಿ ಹಾಕಿಕೊಂಡು ದಿನಗೂಲಿಗೆ ಕಾಯುತ್ತಿದ್ದವರಲ್ಲಿ ನಿಜವಾಗಿ ದನ ಕಾಯ್ದವರು ಬಹಳ ಮಂದಿಯಿದ್ದರು. ದನ ಸಾಕುವ ರಾಂಚುಗಳಲ್ಲಿ ಕೆಲಸ ಕಡಿಮೆಯಾಗಿ ನಗರಕ್ಕೆ ಬಂದವರು. ಆ ಮೂಲೆಗೇ ಗೌವರ್ ಗಲ್ಚ್, ಅಂದರೆ ಗೌವರ್ ಕೊರಕಲು, ಎಂದು ಹೆಸರಾಯಿತು. ಬದುಕಿನಲ್ಲಿ ಕೈತಪ್ಪಿದ ಕೆಲಸವನ್ನು ತೆರೆಯ ಮೇಲೆ ಮಾಡಿ ಕೂಲಿ ಪಡೆದವರು ಇವರು.

ಆ ಸವಾರರಲ್ಲಿ ಕಪ್ಪು ಜನ ತೆರೆಯ ಮೇಲೆ ಕಾಣುತ್ತಿರಲಿಲ್ಲವೆಂಬಷ್ಟು ಅಪರೂಪ. ಆದರೆ ಚರಿತ್ರೆಯಲ್ಲಿ, ಅಮೆರಿಕದ ಪಶ್ಚಿಮ ಪ್ರಾಂತ್ಯದಲ್ಲಿ, ದನಗಾಹಿಗಳಾಗಿ ಅವರು ದೊಡ್ಡ ಸಂಖ್ಯೆಯಲ್ಲಿದ್ದರು. ಗಾಯಕ ಹರ್ಬ್ ಜೆಫ್ರೀಸ್ 1937ರಿಂದ 1939ರವರೆಗೆ ಕಪ್ಪು ಪ್ರೇಕ್ಷಕರಿಗಾಗಿಯೇ ತೆಗೆದ ಕೆಲವು ಚಿತ್ರಗಳಲ್ಲಿ ಹಾಡುವ ಕೌಬಾಯ್ ಆದರು. ತೀರಾ ಕಡಿಮೆ ಖರ್ಚಿನ ಆ ಚಿತ್ರಗಳ ಒರಟುತನವನ್ನು ನಾನು ಮುಚ್ಚಿಡಲಾರೆ, ಆದರೆ ಈ ಪ್ರಕಾರದ ಯಾವ ಇತಿಹಾಸವೂ ಅವನ್ನು ಅಡಿಟಿಪ್ಪಣಿಗೆ ತಳ್ಳಬಾರದು.

ಹಾಡುವ ಕೌಬಾಯ್‌ಗಳಲ್ಲಿ ಎಲ್ಲರನ್ನೂ ಮೀರಿಸಿದವರು ರೇಡಿಯೋದಿಂದ ಬಂದ ಜೀನ್ ಆಟ್ರಿ. ಹರ್ಬರ್ಟ್ ಯೇಟ್ಸ್ ಎಂಬ ಫಿಲ್ಮ್ ಲ್ಯಾಬೊರೇಟರಿಯ ಮಾಲೀಕರು ತಮಗೆ ಸಾಲ ಉಳಿಸಿಕೊಂಡಿದ್ದ ಸಣ್ಣ ಕಂಪನಿಗಳನ್ನು 1935ರಲ್ಲಿ ಒಟ್ಟುಗೂಡಿಸಿ ರಿಪಬ್ಲಿಕ್ ಎಂಬ ಕಂಪನಿಯನ್ನು ಸ್ಥಾಪಿಸಿದರು. ಆಟ್ರಿ ಅದರ ಬಂಡವಾಳವಾದರು. ಆಟ್ರಿಯ ಚಿತ್ರ ಬೇಕಾದರೆ ಕಂಪನಿಯ ಉಳಿದ ಚಿತ್ರಗಳನ್ನೂ ಕೊಳ್ಳಬೇಕೆಂದು ಸಣ್ಣ ಊರುಗಳ ಚಿತ್ರಮಂದಿರದವರನ್ನು ಕಟ್ಟಿಹಾಕಲಾಗುತ್ತಿತ್ತು. ಇದನ್ನೂ ತಮ್ಮ ಸಂಬಳವನ್ನೂ ಪ್ರಶ್ನಿಸಿ ಆಟ್ರಿ 1938ರಲ್ಲಿ ಕೆಲಸ ಬಿಟ್ಟು ಹೊರನಡೆದರು. ಯೇಟ್ಸ್ ಕೈಕಟ್ಟಿ ಕೂರಲಿಲ್ಲ. ಲಿಯೊನಾರ್ಡ್ ಸ್ಲೈ ಎಂಬ ಗಾಯಕರಿಗೆ ರಾಯ್ ರೋಜರ್ಸ್ ಎಂದು ಹೆಸರಿಟ್ಟು ಆಟ್ರಿಯ ಜಾಗದಲ್ಲಿ ನಿಲ್ಲಿಸಿದರು. ಆಟ್ರಿ ಹೆಚ್ಚಿನ ಸಂಬಳದೊಂದಿಗೆ ಮರಳಿದರು ನಿಜ. ಆದರೆ ಅಷ್ಟರಲ್ಲಿ ರೋಜರ್ಸ್ ಕೂಡ ತಾರೆಯಾಗಿದ್ದರು.

ಮುಂದೆ ಇಬ್ಬರೂ ಅದೇ ಕಂಪನಿಯ ವಿರುದ್ಧ ನ್ಯಾಯಾಲಯಕ್ಕೆ ಹೋಗಬೇಕಾಯಿತು. ಹೋಪಲಾಂಗ್ ಕ್ಯಾಸಿಡಿ ಎಂಬ ಕೌಬಾಯ್ ಪಾತ್ರದಲ್ಲಿ ಅರವತ್ತಾರು ಚಿತ್ರಗಳನ್ನು ಮಾಡಿದ ವಿಲಿಯಂ ಬಾಯ್ಡ್ ತಮ್ಮ ಆಸ್ತಿ ಮಾರಿ ಆ ಚಿತ್ರಗಳ ಹಕ್ಕುಗಳನ್ನು ಕೊಂಡು, 1949ರಲ್ಲಿ ಟಿವಿಯಲ್ಲಿ ತೋರಿಸಿ ಸಿರಿವಂತರಾಗಿದ್ದನ್ನು ಎಲ್ಲರೂ ಕಂಡಿದ್ದರು. ರಿಪಬ್ಲಿಕ್ ಕೂಡ ಆಟ್ರಿ ಮತ್ತು ರೋಜರ್ಸ್ ಅವರ ಹಳೆಯ ಚಿತ್ರಗಳನ್ನು ಟಿವಿಯ ವೇಳೆಗೆ ಹೊಂದುವಂತೆ ಕತ್ತರಿಸಿ ಜಾಹೀರಾತುದಾರರಿಗೆ ಒದಗಿಸಲು ಮುಂದಾಯಿತು. 1951ರಲ್ಲಿ ರೋಜರ್ಸ್ ತಡೆಯಾಜ್ಞೆ ಪಡೆದರು, ಆಟ್ರಿಗೆ ಅದೂ ಸಿಗಲಿಲ್ಲ. 1954ರಲ್ಲಿ ಮೇಲ್ಮನವಿ ನ್ಯಾಯಾಲಯ ಎರಡೂ ಮೊಕದ್ದಮೆಗಳಲ್ಲಿ ಕಂಪನಿಯ ಪರವಾಗಿ ತೀರ್ಪಿತ್ತಿತು. ನಟರೊಂದಿಗಿನ ಕರಾರಿನ ಅಕ್ಷರವನ್ನು ನೋಡಿದರೆ ತೀರ್ಪು ತಪ್ಪೆನ್ನಲಾಗದು. ಆದರೆ ಆ ಕರಾರಿಗೆ ಸಹಿ ಬಿದ್ದಾಗ ಟಿವಿ ಎಂಬುದು ಮನೆಗಳಿಗೆ ಬಂದೇ ಇರಲಿಲ್ಲ. ತೀರ್ಪು ಬಂದ ವರ್ಷಕ್ಕೆ ಚಿತ್ರಮಂದಿರಗಳಿಗಾಗಿ ತೆಗೆಯುತ್ತಿದ್ದ ಅಗ್ಗದ ಕೌಬಾಯ್ ಸರಣಿಗಳು ನಿಂತಿದ್ದವು. ಶನಿವಾರದ ಹುಡುಗರು ಅವೇ ಚಿತ್ರಗಳನ್ನು ಮನೆಯಲ್ಲಿ ಕುಳಿತು, ಕಾಸು ಕೊಡದೆ ನೋಡುತ್ತಿದ್ದರು.