ಜುಲೈ 4ರಂದು ಲಂಡನ್‌ನಲ್ಲಿ

ಕೇಳುಗರಿಗೆಲ್ಲ ನಮಸ್ಕಾರ. ನಾನು ಇತಿಹಾಸದ ಮೇಷ್ಟ್ರು. ಬ್ರಿಟಿಷರ ಆಳ್ವಿಕೆಯಿಂದ ಸ್ವತಂತ್ರರಾದೆವು ಅಂತ ಅಮೆರಿಕದವರು ಸಾರಿದ ದಿನ ಜುಲೈ 4. ಅಮೆರಿಕದ ಸ್ವಾತಂತ್ರ್ಯ ಯುದ್ಧದ ಪಾಠ ಮುಗಿಸಿದ ಕೂಡಲೇ ಪ್ರತಿ ವರ್ಷ ಯಾರಾದರೂ ಒಬ್ಬರು ಎದ್ದು ನಿಂತು ಕೇಳುವ ಪ್ರಶ್ನೆ ಒಂದಿದೆ. "ಸಾರ್, ಜುಲೈ 4 ಬಂದರೆ ಬ್ರಿಟಿಷರಿಗೆ ಹೊಟ್ಟೆ ಉರಿಯಲ್ವಾ?"

ಉರಿಯುವುದಿಲ್ಲ. ಯಾಕೆಂದರೆ ಅವರಿಗೆ ಅದು ನೆನಪೇ ಇರುವುದಿಲ್ಲ. ಇವತ್ತು ನಾನು ಹೇಳಬೇಕು ಅಂದುಕೊಂಡು ಬಂದದ್ದು ಇದೊಂದೇ ಮಾತು. ನಾವು ಸಿನಿಮಾ ನೋಡಿ ನೋಡಿ, ಸೋತವರು ತಲೆಮಾರುಗಟ್ಟಲೆ ಹಲ್ಲು ಕಡಿಯುತ್ತಾ ಕೂತಿರುತ್ತಾರೆ ಅಂದುಕೊಂಡಿದ್ದೇವೆ. ಬ್ರಿಟನ್ನಿನಲ್ಲಿ ಹಾಗಿಲ್ಲ. 2024ರಲ್ಲಿ ಅಲ್ಲಿನ ಸಾರ್ವತ್ರಿಕ ಚುನಾವಣೆ ನಡೆದದ್ದೇ ಜುಲೈ 4ಕ್ಕೆ. ಅಲ್ಲಿ ಗುರುವಾರ ಮತದಾನ ಮಾಡುವುದು ರೂಢಿ, ಆ ವರ್ಷ ಗುರುವಾರ 4ನೇ ತಾರೀಖಿಗೆ ಬಿತ್ತು, ಜನ ಹೋಗಿ ಓಟು ಹಾಕಿ ಬಂದರು.

ನಾನು ಕಣ್ಣಾರೆ ಕಂಡದ್ದನ್ನೇ ಹೇಳುತ್ತೇನೆ. ಬಹಳ ವರ್ಷಗಳ ಹಿಂದೆ ಓದಲಿಕ್ಕೆಂದು ಲಂಡನ್‌ನಲ್ಲಿದ್ದೆ. ಒಂದು ಜುಲೈ 4ರ ಮಧ್ಯಾಹ್ನ ಬೇಕೆಂದೇ ಟ್ರಫಾಲ್ಗರ್ ಚೌಕಕ್ಕೆ ಹೋದೆ. ಅಲ್ಲಿ ನ್ಯಾಷನಲ್ ಗ್ಯಾಲರಿಯ ಮುಂದಿನ ಹುಲ್ಲುಹಾಸಿನಲ್ಲಿ ಜಾರ್ಜ್ ವಾಷಿಂಗ್ಟನ್‌ನ ಪ್ರತಿಮೆ ಇದೆ. ಹೌದು, ಬ್ರಿಟಿಷರ ಮೇಲೆ ಯುದ್ಧ ಮಾಡಿ ಗೆದ್ದ ಅದೇ ವಾಷಿಂಗ್ಟನ್, ಅವರದೇ ರಾಜಧಾನಿಯ ನಟ್ಟನಡುವೆ! 1921ರಲ್ಲಿ ವರ್ಜೀನಿಯಾ ರಾಜ್ಯ ಕೊಟ್ಟ ಉಡುಗೊರೆ ಅದು. ಕಂಚಿನ ವಿಗ್ರಹ. ಬಲಗೈಯಲ್ಲಿ ಊರುಗೋಲು, ಎಡಗೈ ಕೋಲುಗಳ ಒಂದು ಕಂತೆಯ ಮೇಲೆ. ಆ ಕಂತೆಯಲ್ಲಿ 13 ಕೋಲು, ದಂಗೆ ಎದ್ದ 13 ವಸಾಹತುಗಳಿಗೆ ಒಂದೊಂದು. ಹಿಂದುಗಡೆ ಬಗ್ಗಿ ನೋಡಿದರೆ ನೇಗಿಲೂ ಕಾಣುತ್ತದೆ, ಯುದ್ಧ ಮುಗಿಸಿ ಹೊಲಕ್ಕೆ ಮರಳಿದವನು ಅಂತ.

ಪಕ್ಕದ ಕಟ್ಟೆಯ ಮೇಲೆ ವಯಸ್ಸಾದವರೊಬ್ಬರು ಕೂತು ಪೇಪರ್ ಓದುತ್ತಿದ್ದರು. ಮಾತಿಗೆ ಸಿಕ್ಕರು. ಹತ್ತಿರದಲ್ಲೇ ಆಫೀಸಂತೆ, 30 ವರ್ಷದಿಂದ ಬಿಸಿಲಿದ್ದ ದಿನವೆಲ್ಲ ಅಲ್ಲೇ ಬಂದು ಕೂರುತ್ತಾರಂತೆ. "ಇದು ಯಾರ ಪ್ರತಿಮೆ?" ಅಂದೆ. ತಿರುಗಿ ನೋಡಿದರು. "ಯಾರೋ ಜನರಲ್ ಇರಬೇಕು" ಅಂದರು. ಆಮೇಲೆ ಅವರಿಗೇ ಕುತೂಹಲವಾಗಿ, ಪೇಪರ್ ಮಡಚಿ ಕಂಕುಳಿಗೆ ಇಟ್ಟುಕೊಂಡು, ಎದ್ದು ಹೋಗಿ ಕೆಳಗಿನ ಹೆಸರು ಓದಿದರು. "ಓ, ವಾಷಿಂಗ್ಟನ್ನಾ!"

ಇವತ್ತು ತಾರೀಖು 4 ಅಂತ ನಾನೇ ನೆನಪಿಸಿದೆ. "ಹೌದಲ್ಲ, ಅವರ ಹಬ್ಬ" ಅಂದರು. ಅವರ ಹಬ್ಬ ಅಂದರೆ, ಪಕ್ಕದ ಬೀದಿಯವರ ಮನೆ ಹಬ್ಬದ ಹಾಗೆ. ನಾನು ಬಿಡಲಿಲ್ಲ. ಅಷ್ಟು ದೊಡ್ಡ ನಾಡು ಕೈಬಿಟ್ಟು ಹೋಯಿತಲ್ಲ, ಒಂಚೂರೂ ನೋವಿಲ್ವಾ ಅಂತ ಕೇಳಿದೆ. ಅವರು ಸುಮ್ನೆ ತಳ್ಳಿಹಾಕಲಿಲ್ಲ, ಸ್ವಲ್ಪ ಹೊತ್ತು ಯೋಚನೆ ಮಾಡಿದರು. "ನಮ್ಮ ತಾತ 1916ರಲ್ಲಿ ಸೋಮ್ ಯುದ್ಧದಲ್ಲಿ ಸತ್ತರು. 1940ರಲ್ಲಿ ಬಾಂಬ್ ಬಿದ್ದಾಗ ನಮ್ಮ ಅಮ್ಮ ರಾತ್ರಿಯೆಲ್ಲ ನೆಲದಡಿ ಸ್ಟೇಷನ್ನಿನಲ್ಲಿ ಮಲಗಿದ್ದಳು. ನಮ್ಮ ಮನೆಯಲ್ಲಿ ನೋವು ಅಂದರೆ ಅದು" ಅಂದರು. ಆಮೇಲೆ ಪ್ರತಿಮೆಯ ಕಡೆ ಕೈ ತೋರಿಸಿ, "ಅಷ್ಟಕ್ಕೂ ಈತ ಹುಟ್ಟಿದ್ದು ನಮ್ಮ ರಾಜನ ಪ್ರಜೆಯಾಗೇ ಅಲ್ವಾ?" ಅಂದರು.

ಅವರು ಹೇಳಿದ್ದು ನಿಜ. 1755ರಲ್ಲಿ ವಾಷಿಂಗ್ಟನ್ ಬ್ರಿಟಿಷ್ ಸೇನಾಪತಿ ಬ್ರ್ಯಾಡಕ್ ಜೊತೆ ನಿಂತು ಫ್ರೆಂಚರ ಮೇಲೆ ಕಾದಿದ್ದ. ಅವನ ಪೂರ್ವಿಕರ ಮನೆ ಇಂಗ್ಲೆಂಡಿನ ಸಲ್‌ಗ್ರೇವ್ ಎಂಬ ಹಳ್ಳಿಯಲ್ಲಿ ಈಗಲೂ ಇದೆ, ಜನ ಹೋಗಿ ನೋಡುತ್ತಾರೆ. ತನ್ನ ಬರಹದಿಂದ ಅಮೆರಿಕದ ಸ್ವಾತಂತ್ರ್ಯದ ಕಿಡಿ ಹಚ್ಚಿದ ಥಾಮಸ್ ಪೇನ್ ಹುಟ್ಟಿದ್ದು ಇಂಗ್ಲೆಂಡಿನದೇ ಥೆಟ್‌ಫರ್ಡ್ ಪಟ್ಟಣದಲ್ಲಿ, ಅಲ್ಲಿಯೂ ಅವನ ಪ್ರತಿಮೆ ಇದೆ. ನೆನಪು ಮಾಡಿಕೊಟ್ಟರೆ ಬ್ರಿಟಿಷರಿಗೆ ಇದು ಮನೆಯೊಳಗಿನ ಜಗಳದ ಹಾಗೆ ಕಾಣುತ್ತದೆ, ಮಗ ಬೇರೆ ಮನೆ ಮಾಡಿದ ಹಾಗೆ. ಆದರೆ ಯಾರಾದರೂ ನೆನಪು ಮಾಡಿಕೊಡಬೇಕು, ಅದನ್ನೇ ನಾನು ಹೇಳುತ್ತಿರುವುದು!

ಯಾಕೆ ಮರೆತರು? ಶಾಲೆಯಲ್ಲಿ ಎಲ್ಲರೂ ಕಲಿಯುವುದಿಲ್ಲ. ಎಂಟನೇ ಹೆನ್ರಿ ದೊರೆ, 1666ರ ಲಂಡನ್ನಿನ ಬೆಂಕಿ, ಎರಡು ಮಹಾಯುದ್ಧ, ಇವು ಎಲ್ಲರ ಬಾಯಲ್ಲೂ ಇವೆ. ಅಮೆರಿಕದ ಯುದ್ಧ ಇಂಗ್ಲೆಂಡಿನ ಪಠ್ಯಕ್ರಮದಲ್ಲಿ ಕಡ್ಡಾಯವಲ್ಲ, ಮೇಷ್ಟ್ರು ಬೇಕೆಂದರೆ ಕಲಿಸಬಹುದು. ಇನ್ನೊಂದು, ಆ ಸೋಲಿನ ಹಿಂದೆಯೇ ನೆಪೋಲಿಯನ್ ಬಂದ. ಅವನ ಮೇಲೆ 1805ರಲ್ಲಿ ಟ್ರಫಾಲ್ಗರ್, 1815ರಲ್ಲಿ ವಾಟರ್ಲೂ ಯುದ್ಧ ಗೆದ್ದ ಮೇಲೆ, ಅಮೆರಿಕದಲ್ಲಿ ಸೋತ ಯಾರ್ಕ್‌ಟೌನ್ ಯಾರಿಗೆ ಬೇಕು?

ಯಾರ್ಕ್‌ಟೌನ್ ಅಂದ ಮೇಲೆ ನಮ್ಮ ಕಡೆಯವರು ಒಂದು ವಿಷಯ ಕೇಳಲೇಬೇಕು. 1781ರ ಅಕ್ಟೋಬರಿನಲ್ಲಿ ಅಲ್ಲಿ ಸೋತು ಶರಣಾದ ಸೇನಾಪತಿ ಕಾರ್ನ್‌ವಾಲಿಸ್. ಶರಣಾಗತಿಯ ಹೊತ್ತಿಗೆ ಮೈ ಹುಷಾರಿಲ್ಲ ಅಂತ ಹೇಳಿ ತಾನು ಬರದೆ ಕೈಕೆಳಗಿನ ಅಧಿಕಾರಿಯನ್ನು ಕಳಿಸಿದ. ಅಂಥವನನ್ನು ಅವನ ದೇಶ ಮೂಲೆಗೆ ಹಾಕಿತೇ? ಐದೇ ವರ್ಷಕ್ಕೆ, 1786ರಲ್ಲಿ, ಗವರ್ನರ್ ಜನರಲ್ ಮಾಡಿ ಇಂಡಿಯಾಕ್ಕೆ ಕಳಿಸಿತು. 1791ರಲ್ಲಿ ಬೆಂಗಳೂರು ಕೋಟೆ ಒಡೆದವನು ಅವನೇ. 1792ರಲ್ಲಿ ಶ್ರೀರಂಗಪಟ್ಟಣದಲ್ಲಿ ಟಿಪ್ಪುವಿನ ಅರ್ಧ ರಾಜ್ಯವನ್ನೂ ಒತ್ತೆಯಾಗಿ ಇಬ್ಬರು ಚಿಕ್ಕ ಮಕ್ಕಳನ್ನೂ ತೆಗೆದುಕೊಂಡವನೂ ಅವನೇ. ಲಂಡನ್ನಿನ ಸೇಂಟ್ ಪಾಲ್ಸ್ ಚರ್ಚಿನಲ್ಲಿ ಅವನಿಗೆ ದೊಡ್ಡ ಸ್ಮಾರಕ ಕಟ್ಟಿದ್ದಾರೆ. ಅಲ್ಲಿ ಕಳೆದದ್ದನ್ನು ಇಲ್ಲಿ ತುಂಬಿಕೊಂಡರು, ಹಾಗಾಗಿ ಅವರಿಗೆ ಮರೆಯುವುದು ಸುಲಭವಾಯಿತು. ಇದನ್ನು ನಮ್ಮ ಮಕ್ಕಳಿಗೆ ಯಾಕೆ ಒಟ್ಟಿಗೆ ಹೇಳಿಕೊಡುವುದಿಲ್ಲವೋ ನನಗೆ ಅರ್ಥವಾಗುವುದಿಲ್ಲ. ಅಮೆರಿಕದ ಪಾಠ ಒಂದು ಕಡೆ, ಟಿಪ್ಪುವಿನ ಪಾಠ ಇನ್ನೊಂದು ಕಡೆ, ಇಬ್ಬರಿಗೂ ಎದುರು ನಿಂತವನು ಒಬ್ಬನೇ!

ಸಮಯ ಆಗುತ್ತಾ ಬಂತು, ಇನ್ನೊಂದೇ ವಿಷಯ ಬೇಗ ಹೇಳಿಬಿಡುತ್ತೇನೆ. 1976ರಲ್ಲಿ ಅಮೆರಿಕಕ್ಕೆ 200 ತುಂಬಿದಾಗ ಎಲಿಜಬೆತ್ ರಾಣಿ ಫಿಲಡೆಲ್ಫಿಯಾಕ್ಕೆ ಒಂದು ಗಂಟೆ ಉಡುಗೊರೆ ತಂದರು. ಅಮೆರಿಕದ ಸ್ವಾತಂತ್ರ್ಯದ ಗುರುತಾದ ಹೆಸರಾಂತ ಲಿಬರ್ಟಿ ಬೆಲ್ ಗಂಟೆ ಮೊದಲು ಎರಕವಾದ ಲಂಡನ್ನಿನ ವೈಟ್‌ಚಾಪೆಲ್ ಕಾರ್ಖಾನೆಯಲ್ಲೇ ಮಾಡಿಸಿದ ಗಂಟೆ. ಈ ದಿನವನ್ನು ನಾವು ಬ್ರಿಟನ್ನಿನಲ್ಲೂ ಆಚರಿಸಬೇಕು, ಉಳಿಸಿಕೊಳ್ಳಲಾಗದ್ದನ್ನು ಯಾವಾಗ, ಹೇಗೆ ಬಿಟ್ಟುಕೊಡಬೇಕು ಎಂಬ ತಿಳಿವಳಿಕೆ ನಮಗಿರಲಿಲ್ಲ ಅಂತ ಅವರು ಅಲ್ಲಿ ಮಾತಾಡಿದರು. ಅಮೆರಿಕ ಕೈತಪ್ಪಿದಾಗ ಆಳುತ್ತಿದ್ದ ಮೂರನೇ ಜಾರ್ಜ್ ದೊರೆಯ ನೇರ ವಂಶದವರು ಆಡಿದ ಮಾತು ಇದು. ಆದರೂ ಬ್ರಿಟನ್ನಿನಲ್ಲಿ ಆ ದಿನಕ್ಕೆ ಇವತ್ತಿಗೂ ರಜೆ ಇಲ್ಲ.

ಮುಂದಿನ ಸಲ ಬೆಂಗಳೂರಿನ ಕೃಷ್ಣರಾಜ ಮಾರುಕಟ್ಟೆ ಕಡೆ ಹೋದರೆ ಕೋಟೆಯ ಗೋಡೆ ನೋಡಿ. 1791ರ ಮಾರ್ಚ್ 21ರಂದು ಇಲ್ಲಿಂದಲೇ ಒಳನುಗ್ಗಿದೆವು ಅಂತ ಬ್ರಿಟಿಷರು ಹಾಕಿಸಿದ ಕಲ್ಲು ಅಲ್ಲಿದೆ. ಮಕ್ಕಳನ್ನು ಕರೆದುಕೊಂಡು ಹೋಗಿ, ಅದರ ಮುಂದೆ ನಿಲ್ಲಿಸಿ ಯಾರ್ಕ್‌ಟೌನಿನ ಕತೆಯನ್ನೂ ಹೇಳಿ. ನಮಸ್ಕಾರ.